ಒಂಬತ್ತನೇ ಗುಂಡಿ ಚರ್ಚೆಯಲ್ಲಿದೆ

ಗಾಲ್ಫ್ ಆಟದಲ್ಲಿ ಚೆಂಡಿಗೆ ಬಿದ್ದ ಹೊಡೆತಗಳನ್ನು ಎಣಿಸಿದರೆ ಸಾಕು, ಆಟಗಾರನ ಅಂಕ ಸಿಕ್ಕಿಬಿಡುತ್ತದೆ ಎಂಬ ತಪ್ಪು ತಿಳುವಳಿಕೆ ೧೯೪೯ನೇ ಇಸವಿಯ ನವೆಂಬರ್ ತಿಂಗಳವರೆಗೆ ನಮ್ಮ ಹೊಸಂಗಡಿ ಫಿರ್ಕಾ ಎಂಬ ಕಂದಾಯ ಹೋಬಳಿಯಲ್ಲಿಯೂ ಪ್ರಚಲಿತವಿತ್ತು. ಅದನ್ನು ತಿದ್ದಿದವರು ಒಳ್ಳೆಮೆಣಸಿನ ಸಗಟು ವ್ಯಾಪಾರಿಗಳಾದ ಶ್ರೀ ಉಗ್ಗಪ್ಪ ಶೆಟ್ಟರು. ಈ ಸಂಗತಿಯನ್ನು ದಾಖಲಿಸಿಡುವ ಹೊಣೆ ಫಿರ್ಕಾ ಗಾಲ್ಫ್ ಸಂಘದ ಗೌರವ ಕಾರ್ಯದರ್ಶಿಯಾದ ನನ್ನ ಮೇಲೆ ಬಿದ್ದಿದೆ. ನಾನು ವೆಂಕಟಕೃಷ್ಣ, ಹೈಯರ್ ಎಲಿಮೆಂಟರಿ ಶಾಲೆಯ ಮಾಸ್ತರ. ನನಗೆ ಗಾಲ್ಫ್ ಬರುವುದಿಲ್ಲ. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಆಯ್ಕೆಯಾದವನು.

ಶೆಟ್ಟರು ನಲವತ್ತು ವರ್ಷ ಮೆಣಸಿನ ವ್ಯಾಪಾರ ಮಾಡಿದವರು. ಅವರ ಕಾಲದಲ್ಲಿ ಮೆಣಸಿನ ದರವನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು, ಕೈಗಳ ಮೇಲೆ ಬೈರಾಸು ಎಂಬ ಹೆಗಲವಸ್ತ್ರ ಹೊದೆಸಿ, ಅದರ ಅಡಿಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಚೌಕಾಸಿ ಮಾಡಬೇಕು. ಸುತ್ತ ನಿಂತವರಿಗೆ ಬೈರಾಸು ಅಲ್ಲಾಡುವುದಷ್ಟೇ ಕಾಣುತ್ತದೆ. ಈ ವಿದ್ಯೆಯಲ್ಲಿ ಶೆಟ್ಟರನ್ನು ಮೀರಿಸಿದವರು ಕುಂಬಳೆಯಿಂದ ಮುಳ್ಳೇರಿಯದವರೆಗೆ ಇರಲಿಲ್ಲ. ಅವರು ನಾಲ್ಕು ಜನರ ಎದುರು ಯಾವ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳಿದ್ದನ್ನು ಕೇಳಿದವರೂ ಇರಲಿಲ್ಲ. ಜನಗಣತಿಯವರು ಬಂದು ಮಕ್ಕಳೆಷ್ಟು ಎಂದು ಕೇಳಿದಾಗಲೂ ಶೆಟ್ಟರು ಹೆಗಲಿನ ಬೈರಾಸು ತೆಗೆದರಂತೆ. ಐದರಿಂದ ಆರಂಭವಾದ ಮಾತು ಮೂರಕ್ಕೆ ತೀರ್ಮಾನವಾಯಿತು, ಸರಕಾರದ ಪುಸ್ತಕದಲ್ಲಿ ಈಗಲೂ ಮೂರೇ ಇದೆ.

೧೯೪೮ರಲ್ಲಿ ಮಗ ಭುಜಂಗ ಅಂಗಡಿಯನ್ನು ವಹಿಸಿಕೊಂಡ. ಅವನು ಓದಿದವನು. ಮಂಗಳೂರಿನ ದರ ದಿನಾ ಬೆಳಗ್ಗೆ ತಂತಿಯಲ್ಲಿ ಬರುವ ಏರ್ಪಾಡು ಮಾಡಿ, ಅದನ್ನು ಕರಿಹಲಗೆಯ ಮೇಲೆ ಬರೆಸಿ, ಹಲಗೆಯ ತಲೆಗೆ ‘ಒಂದೇ ಮಾತು, ಒಂದೇ ದರ’ ಎಂದು ಬಣ್ಣದಲ್ಲಿ ಹಾಕಿಸಿದ. ಶೆಟ್ಟರು ಆ ಹಲಗೆಯ ಎದುರು ಎರಡು ದಿನ ಕೂತರು. ಮೂರನೆಯ ದಿನ ಊಟ ಬಿಟ್ಟರು. ಡಾಕ್ಟರು ಬಂದು ನಾಡಿ ಹಿಡಿದಾಗ ಶೆಟ್ಟರು ಆ ಕೈಯ ಮೇಲೆ ಬೈರಾಸು ಎಳೆದುಕೊಂಡು ಡಾಕ್ಟರ ಬೆರಳನ್ನು ಹಿಡಿದುಕೊಂಡರು, ಎಷ್ಟು ಹೊತ್ತಾದರೂ ಬಿಡಲಿಲ್ಲ. ನೋಡಿ ನನಗೆ ಪಾಪ ಅನ್ನಿಸಿತು. ಕೈ ಕೊಡುವವರಿಲ್ಲದೆ ಒಬ್ಬ ಮನುಷ್ಯ ಹಾಗೆ ಸೊರಗುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಡಾಕ್ಟರು ದಿನಕ್ಕೆ ಮೂರು ಮೈಲು ನಡೆಯಬೇಕೆಂದು ಬರೆದುಕೊಟ್ಟರು. ಅದನ್ನು ಒಂದೂವರೆ ಮೈಲಿಗೆ ಇಳಿಸಿದ ಮೇಲೆ ಶೆಟ್ಟರಿಗೆ ಸ್ವಲ್ಪ ಗಂಜಿ ಸೇರಿತು. ಆದರೆ ಯಾವ ಕಾರಣವೂ ಇಲ್ಲದೆ ಒಂದೂವರೆ ಮೈಲು ನಡೆಯುವುದು ಹೇಗೆ ಎಂಬುದು ಅವರಿಗೆ ಗೊತ್ತಾಗಲಿಲ್ಲ.

ಕಾರಣ ಒದಗಿಸಿದ್ದು ಒಂದು ಹರಾಜು. ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಬಿಳಿ ದೊರೆಯೊಬ್ಬರು ತಮ್ಮ ಊರಿಗೆ ಹೊರಟು ಸಾಮಾನು ಹರಾಜಿಗಿಟ್ಟಿದ್ದರು. ಶೆಟ್ಟರು ಒಂದು ಕಬ್ಬಿಣದ ತಿಜೋರಿ ಕೊಂಡು, ವಾಡಿಕೆಯಂತೆ ಅದರ ಮೇಲೆ ಕೊಸರು ಕೇಳಿದರು. ತಿಜೋರಿಗೆ ಕೊಸರು ಕೊಟ್ಟು ಗೊತ್ತಿಲ್ಲದ ದೊರೆ ಗೋಡೆಗೆ ಒರಗಿಸಿದ್ದ ಚರ್ಮದ ಚೀಲವೊಂದನ್ನು ತೋರಿಸಿಬಿಟ್ಟರು. ಚೀಲದಲ್ಲಿ ಏಳು ಕೋಲು, ಆರು ಚೆಂಡು, ಎಡಗೈಯ ಒಂದೇ ಒಂದು ಚರ್ಮದ ಕೈಗವಸು ಮತ್ತು ಗಾಲ್ಫ್ ನಿಯಮಗಳ ಇಂಗ್ಲಿಷ್ ಪುಸ್ತಕ ಇದ್ದವು. ಪುಸ್ತಕದ ಮೊದಲ ಹನ್ನೊಂದು ನಿಯಮಗಳು ಚೆನ್ನಾಗಿದ್ದವು. ಹನ್ನೆರಡರಿಂದ ಕೊನೆಯವರೆಗೆ ಗೆದ್ದಲು ತಿಂದಿತ್ತು. ಹನ್ನೊಂದನ್ನು ನಾನು ಕನ್ನಡಕ್ಕೆ ತಂದೆ. ಉಳಿದ ನಿಯಮಗಳನ್ನು ಸ್ಥಳೀಯವಾಗಿ ಭರ್ತಿ ಮಾಡಿಕೊಳ್ಳುವುದೆಂದು ಸಂಘದ ಮೊದಲ ಸಭೆಯಲ್ಲಿ ತೀರ್ಮಾನವಾಯಿತು. ಆ ಸಭೆಯಲ್ಲಿ ಹಾಜರಿದ್ದವರು ಶೆಟ್ಟರು, ನಾನು ಮತ್ತು ಕೂಸಪ್ಪ.

ಕೂಸಪ್ಪ ಮೂವತ್ತು ವರ್ಷ ಮೆಣಸಿನ ದಲ್ಲಾಳಿಯಾಗಿದ್ದವನು. ಭುಜಂಗನ ಹಲಗೆ ಬಂದಮೇಲೆ ಅವನಿಗೂ ಕೆಲಸವಿರಲಿಲ್ಲ. ಅವನನ್ನು ಚೀಲ ಹೊರುವುದಕ್ಕೂ ಹೊಡೆತ ಎಣಿಸುವುದಕ್ಕೂ ನೇಮಿಸಲಾಯಿತು.

ಮೈದಾನಕ್ಕೆ ನಮ್ಮ ಪದವು ಇತ್ತು. ಕಣ್ಣಿಗೆ ಕಾಣುವಷ್ಟು ದೂರವೂ ಕೆಂಪು ಮುರಕಲ್ಲಿನ ಬಯಲು, ಅಲ್ಲಲ್ಲಿ ಗೇರು ಮರ, ಮಳೆಗಾಲದಲ್ಲಿ ಬಿಟ್ಟರೆ ಹುಲ್ಲಿಲ್ಲ. ಗಾಲ್ಫಿಗೆ ನಾಲ್ಕು ಅಂಗುಲದ ಗುಂಡಿ ಸಾಕೆಂದು ಪುಸ್ತಕ ಹೇಳುತ್ತದೆ. ಆದರೆ ಮುರಕಲ್ಲಿನಲ್ಲಿ ನಾಲ್ಕು ಅಂಗುಲದ ಗುಂಡಿ ತೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಕಲ್ಲು ಕಡಿದು ಬಿಟ್ಟುಹೋದ ದೊಡ್ಡ ಗುಂಡಿಗಳು ಹೇಗೂ ಇದ್ದವು. ಒಂದೊಂದೂ ಹತ್ತು ಮೊಳ ಅಗಲ, ಆಳು ಮುಳುಗುವಷ್ಟು ಆಳ. ಚೆಂಡನ್ನು ಒಳಗೆ ಹಾಕುವುದು ಇದರಿಂದ ಸುಲಭವಾಯಿತು. ಹೊರಗೆ ತೆಗೆಯಲು ಕೂಸಪ್ಪ ಏಣಿ ಹೊತ್ತು ತಿರುಗುತ್ತಿದ್ದ.

ಮೊದಲ ಆಟ ಶೆಟ್ಟರಿಗೂ ನನಗೂ ನಡೆಯಿತು. ನಾನು ಹದಿನಾಲ್ಕು ಹೊಡೆತಕ್ಕೆ ಚೆಂಡನ್ನು ಗುಂಡಿಗೆ ಹಾಕಿದೆ. ಶೆಟ್ಟರು ಮೊದಲು ಗಾಳಿಗೂ ಆಮೇಲೆ ಕಲ್ಲಿಗೂ ಕೊನೆಗೆ ಚೆಂಡಿಗೂ ಹೊಡೆದು ಗುಂಡಿ ಸೇರಿದರು. ಕೂಸಪ್ಪ ತಪ್ಪದೆ ಎಣಿಸಿದ್ದ.

“ಮೂವತ್ತೊಂದು, ಧಣಿ” ಎಂದ.

“ಎಂತ ಮಾರಾಯ,” ಎಂದರು ಶೆಟ್ಟರು, “ನೀನು ಹೇಳಿದ ಕೂಡಲೇ ಒಪ್ಪಲಿಕ್ಕೆ ನಾನು ಹೊಸಬನಾ?”

ಹಾಗೆಂದು ಹೆಗಲಿನ ಬೈರಾಸು ತೆಗೆದು ಕೈಮೇಲೆ ಹೊದ್ದುಕೊಂಡರು. ಕೂಸಪ್ಪ ಮೂವತ್ತು ವರ್ಷದ ಅಭ್ಯಾಸದಿಂದ ಏಣಿ ಕೆಳಗಿಟ್ಟು ಬೈರಾಸಿನೊಳಗೆ ಕೈ ತೂರಿಸಿದ. ಇಬ್ಬರೂ ಪದವಿನ ನಡುವೆ ಕುಕ್ಕರಗಾಲಿನಲ್ಲಿ ಕೂತರು. ಬೈರಾಸು ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಕಾಲು ಗಂಟೆಯ ನಂತರ ಕೂಸಪ್ಪ ಎದ್ದು ನಿಂತು ಹನ್ನೊಂದು ಎಂದು ಘೋಷಿಸಿದ. ಶೆಟ್ಟರ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ರಕ್ತ ಕಂಡಿತು. ಕಡಿಮೆ ಹೊಡೆತದವನೇ ಗೆಲ್ಲುವ ಆಟವಾದ್ದರಿಂದ ಹದಿನಾಲ್ಕರಲ್ಲೇ ನಿಂತಿದ್ದ ನಾನು ಸೋತೆ. ಆ ದಿನ ಶೆಟ್ಟರು ಮನೆಗೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡರೆಂದು ತಿಳಿದುಬಂದಿದೆ.

ಗೆದ್ದಲು ತಿಂದ ಹನ್ನೆರಡನೆಯ ನಿಯಮದ ಜಾಗಕ್ಕೆ ಮರುದಿನವೇ ಈ ಕೆಳಗಿನದನ್ನು ಸೇರಿಸಲಾಯಿತು: ‘ಆಟಗಾರನು ಹೊಡೆದ ಹೊಡೆತಗಳ ಸಂಖ್ಯೆಯು ಆರಂಭದ ಮಾತು ಮಾತ್ರವಾಗಿರತಕ್ಕದ್ದು. ಬಾಯಿಬಿಟ್ಟು ಹೇಳಿದ ಯಾವುದೇ ಸಂಖ್ಯೆಗೂ ಯಾರೂ ಬದ್ಧರಲ್ಲ. ಬೈರಾಸಿನ ಅಡಿಯಲ್ಲಿ ಉಭಯ ಪಕ್ಷದವರು ಒಪ್ಪಿದ್ದೇ ಅಂಕ.’

ಈ ನಿಯಮದಿಂದ ಆಟವು ತೀವ್ರವಾಗಿ ಬೆಳೆಯಿತು. ತಂತಿ ಮತ್ತು ಹಲಗೆಗಳಿಂದ ನಿರುದ್ಯೋಗಿಗಳಾಗಿದ್ದ ಹಳೆಯ ವ್ಯಾಪಾರಿಗಳು ಎಲ್ಲೆಲ್ಲಿಂದಲೋ ಬಸ್ಸಿನಲ್ಲಿ ಬಂದು ಸಂಘ ಸೇರಿದರು. ನಾಯ್ಮಾರ್ಮೂಲೆಯಿಂದ ಒಬ್ಬರು ಶುಂಠಿ ವ್ಯಾಪಾರಿ ಕೋಲನ್ನೇ ಮುಟ್ಟದೆ ಮೂರು ವಾರ ಸತತವಾಗಿ ಗೆದ್ದರು. ಹೊಡೆತಗಳನ್ನು ಇಳಿಸುತ್ತಾ ಇಳಿಸುತ್ತಾ ಅರ್ಧಕ್ಕೆ ತಂದು ನಿಲ್ಲಿಸಿದ ಪ್ರಕರಣವೂ ನಡೆಯಿತು. ಅರ್ಧ ಹೊಡೆತದಲ್ಲಿ ಚೆಂಡು ಅರ್ಧ ದಾರಿಯಷ್ಟೇ ಹೋಗುವುದರಿಂದ ಅರ್ಧದ ಲೆಕ್ಕ ಸಲ್ಲದು, ಒಂದಕ್ಕಿಂತ ಕೆಳಗೆ ಇಳಿಯತಕ್ಕದ್ದಲ್ಲ ಎಂದು ಹದಿಮೂರನೆಯ ನಿಯಮ ಮಾಡಬೇಕಾಯಿತು.

ಅಪಸ್ವರ ಎತ್ತಿದವನು ಒಬ್ಬನೇ. ಮದರಾಸಿನಲ್ಲಿ ಕಾಲೇಜು ಓದಿ ಬಂದಿದ್ದ ಈಶ್ವರಪ್ರಸಾದ ಎಂಬ ತರುಣನಿಗೆ ನಿಜವಾದ ಗಾಲ್ಫ್ ಬರುತ್ತಿತ್ತು. ಅವನು ಬಂದು ಐದೇ ಹೊಡೆತಕ್ಕೆ ಚೆಂಡನ್ನು ಗುಂಡಿಗೆ ಹಾಕಿದ. ಎದುರಾಳಿ ಶೆಟ್ಟರು ನಲವತ್ತರಲ್ಲಿ ಹಾಕಿ ನಾಲ್ಕಕ್ಕೆ ಇಳಿಸಿಕೊಂಡರು. ಇದು ಅನ್ಯಾಯ ಎಂದು ಆತ ಲಿಖಿತ ದೂರು ಕೊಟ್ಟ. ಸಂಘವು ದೂರನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಐದು ಎಂಬುದು ಆರಂಭದ ಮಾತಾಗಿ ಬಹಳ ಒಳ್ಳೆಯದಿತ್ತೆಂದೂ, ಅಲ್ಲಿಂದ ಮುಂದೆ ಬಾಯಿ ಮುಚ್ಚಿ ಕೈ ಚಾಚುವ ಬದಲು ಕೈ ಕಟ್ಟಿ ಬಾಯಿ ತೆರೆದದ್ದು ಅವನದೇ ತಪ್ಪೆಂದೂ ಉತ್ತರಿಸಿತು. ಅವನು ಈಗ ಮಂಗಳೂರಿನಲ್ಲಿ ಟೆನ್ನಿಸ್ ಆಡುತ್ತಿದ್ದಾನೆ.

ಇಷ್ಟರವರೆಗೆ ಎಲ್ಲವೂ ಸುಸೂತ್ರವಾಗಿತ್ತು. ತೊಡಕು ಬಂದದ್ದು ೧೯೫೧ರಲ್ಲಿ. ಪದವು ಸರಕಾರಿ ಪರಂಬೋಕು ಜಾಗ. ಅದನ್ನು ಆಟಕ್ಕೆಂದು ಕಾಯ್ದಿರಿಸಿಕೊಳ್ಳಲು ಅರ್ಜಿ ಹಾಕಬೇಕಿತ್ತು. ರೆವೆನ್ಯೂ ಇನ್ಸ್‌ಪೆಕ್ಟರ್ ಜನಾರ್ದನರು ಸ್ವತಃ ಸಂಘದ ಸದಸ್ಯರಾಗಿದ್ದರಿಂದ ಅರ್ಜಿಯನ್ನು ತಾವೇ ತುಂಬಿಸಿದರು. ಅದರಲ್ಲಿ ಗುಂಡಿಗಳೆಷ್ಟು ಎಂಬ ಕಾಲಂ ಇತ್ತು. ಪುಸ್ತಕದ ಎರಡನೆಯ ನಿಯಮದಲ್ಲಿ ಹದಿನೆಂಟು, ಕಡಿಮೆಯೆಂದರೆ ಒಂಬತ್ತು ಎಂದಿದ್ದುದನ್ನು ನೋಡಿ ಒಂಬತ್ತು ಎಂದು ಬರೆದು, ಮೊಹರು ಒತ್ತಿ, ತಾಲೂಕು ಕಚೇರಿಗೆ ಕಳಿಸಿದರು. ಆಮೇಲೆ ಪದವಿಗೆ ಬಂದು ಎಣಿಸಿದರೆ ಎಂಟು.

ನಾನು ಅರ್ಜಿಯಲ್ಲಿ ತಿದ್ದಬಹುದಲ್ಲ ಎಂದೆ. ಜನಾರ್ದನರು ನನ್ನನ್ನು ಕನಿಕರದಿಂದ ನೋಡಿದರು. ಕಡತದಲ್ಲಿ ಒಂಬತ್ತು ಎಂದಾದ ಮೇಲೆ ತಪ್ಪಿರುವುದು ಪದವಿನಲ್ಲಿ, ಕಡತದಲ್ಲಿ ಅಲ್ಲ ಎಂದು ವಿವರಿಸಿದರು. ಹೊಸ ಗುಂಡಿ ಕಡಿಯಲು ಬೇರೆ ಇಲಾಖೆಯ ಅಪ್ಪಣೆ ಬೇಕು, ಅದಕ್ಕೆ ಮೂರು ವರ್ಷ. ಆದ್ದರಿಂದ ಈಗಾಗಲೇ ಇರುವ ಗುಂಡಿಯನ್ನೇ ಹುಡುಕಬೇಕು. ಹುಡುಕಿದಾಗ ಪದವಿನ ಪಡುಬದಿಯ ಅಂಚಿನಲ್ಲಿ ಒಂದು ಸಿಕ್ಕಿತು. ಅದು ಕುಂಬಾರರ ಕಿನ್ನಿ ಮಡಕೆ ಸುಡುವ ಗುಂಡಿ.

ಕಿನ್ನಿಯನ್ನು ಅರಿಯದ ಮನೆ ಸುತ್ತಮುತ್ತ ಇಲ್ಲ. ಗಂಡ ಮಂಜ ಚಕ್ರ ತಿರುಗಿಸುತ್ತಾನೆ, ಮಾತಾಡುವುದಿಲ್ಲ. ಕಿನ್ನಿ ಮಡಕೆಯ ತಳ ತಟ್ಟುತ್ತಾಳೆ, ಸುಡುತ್ತಾಳೆ, ತಲೆಮೇಲೆ ಹೊತ್ತು ಮನೆಮನೆಗೆ ಹೋಗಿ ಮಾರುತ್ತಾಳೆ. ನನ್ನ ಮನೆಯಾಕೆ ಸತ್ಯವತಿ ಬುದ್ಧಿವಂತೆ. ಅವಳು ಒಂದು ಗಂಜಿ ಮಡಕೆಗೆ ಎರಡು ಸೇರು ಭತ್ತ ಮಾತ್ರ ಕೊಡುವುದೆಂದು ಶಪಥ ಮಾಡಿ ಜಗಲಿಗೆ ಹೋದವಳು ಮೂರು ಸೇರು ಕೊಟ್ಟು, ಬೇಡದ ಒಂದು ಮಣ್ಣಿನ ಬಾವಡೆಯನ್ನೂ ತಗೊಂಡು, ಕಿನ್ನಿಗೆ ಕಾಫಿ ಕೊಟ್ಟು ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಿನ್ನಿಗೆ ಈ ಕೆಳಗಿನ ನೋಟೀಸು ಜಾರಿಯಾಯಿತು: ‘ಸಾರ್ವಜನಿಕ ಕ್ರೀಡೆಯ ಒಂಬತ್ತನೇ ಗುಂಡಿಯಲ್ಲಿ ನೀನು ಅನಧಿಕೃತವಾಗಿ ಮಡಕೆ ಸುಡುತ್ತಿರುವುದು ಕಂಡುಬಂದಿದೆ. ಪತ್ತನಾಜೆಗೆ ಮುಂಚಿನ ಭಾನುವಾರದೊಳಗೆ ಸದರಿ ಗುಂಡಿಯನ್ನೂ ಅದಕ್ಕೆ ತಾಗಿದ ಅಂಗಳವನ್ನೂ ತೆರವು ಮಾಡತಕ್ಕದ್ದು.’ ಆ ಗುಂಡಿಯನ್ನು ಅವಳ ಗಂಡನ ಅಜ್ಜ ತೋಡಿದ್ದು, ಆಗ ಗಾಲ್ಫ್ ಇರಲಿಲ್ಲ ಎಂಬ ಅಂಶವು ನೋಟೀಸಿನ ಪರಿಧಿಯೊಳಗೆ ಬರುತ್ತಿರಲಿಲ್ಲ.

ಅಂಗಳದಲ್ಲಿ ಆಗ ಮುನ್ನೂರು ಹಸಿ ಮಡಕೆಗಳು ಒಣಗುತ್ತಿದ್ದವು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದರೆ ಮಳೆ. ಮಳೆಗೆ ಮುಂಚೆ ಸುಡದಿದ್ದರೆ ಆ ಮುನ್ನೂರೂ ಕರಗಿ ಮಣ್ಣಾಗುತ್ತವೆ, ಇಡೀ ಮಳೆಗಾಲ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಬೇರೆ ಕಡೆ ಸುಡಬಾರದೇ ಎಂದು ಕೇಳಿದವರಿಗೆ, ಮುರಕಲ್ಲಿನಲ್ಲಿ ಇನ್ನೊಂದು ಗುಂಡಿ ಕಡಿಯಲು ಅವಳಿಗೂ ಅದೇ ಮೂರು ವರ್ಷದ ಅಪ್ಪಣೆ ಬೇಕೆಂಬುದನ್ನು ನೆನಪಿಸಬೇಕಾಗುತ್ತದೆ. ನೋಟೀಸನ್ನು ದುಂಡಗೆ ಬರೆದವನು ನಾನೇ. ಬರೆದ ದಿನ ನನಗೆ ನಿದ್ದೆ ಹತ್ತಲಿಲ್ಲ ಎಂಬುದು ಸಂಘದ ನಡಾವಳಿಯಲ್ಲಿ ಇಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಗಡುವಿನ ಭಾನುವಾರ ಬೆಳಗ್ಗೆ ಸದಸ್ಯರೆಲ್ಲ ಗೇರು ಮರದ ಅಡಿಯಲ್ಲಿ ಸೇರಿದ್ದೆವು. ಕಿನ್ನಿ ತಲೆಮೇಲೆ ಮಡಕೆಯ ಬುಟ್ಟಿ ಹೊತ್ತು ಬಂದಳು. ಅಳುತ್ತಾಳೆ ಎಂದು ನಾವು ಎಣಿಸಿದ್ದೆವು. ಜನಾರ್ದನರು ಅದಕ್ಕೆಂದೇ ಎರಡು ಸಮಾಧಾನದ ಮಾತುಗಳನ್ನು ಬರೆದು ತಂದಿದ್ದರು. ಅವಳು ಬುಟ್ಟಿ ಇಳಿಸಿ, ಸೆರಗಿನಿಂದ ನೋಟೀಸು ಬಿಚ್ಚಿ, ನನ್ನಲ್ಲಿ ಓದಿಸಿದಳು.

“ಒಂಬತ್ತು ಅಂತ ಯಾರು ಹೇಳಿದ್ದು, ಮಾಷ್ಟ್ರೇ?”

ಎರಡನೆಯ ನಿಯಮ ಹೇಳಿದೆ ಎಂದೆ.

“ನೀವು ಎರಡು ವರ್ಷದಿಂದ ನನ್ನ ಅಂಗಳದ ಬದಿಯಲ್ಲಿ ಕೂತು ಕಿರುಚುವುದು ಕೇಳ್ತಾ ಇದ್ದೇನೆ. ಬಾಯಿಬಿಟ್ಟು ಹೇಳಿದ್ದಕ್ಕೆ ಬೆಲೆ ಇಲ್ಲ ಅಂತ ನಿಮ್ಮದೇ ಒಂದು ನಿಯಮ ಉಂಟಲ್ಲ. ಹಾಗಾದರೆ ಒಂಬತ್ತು ಮೊದಲಿನ ಮಾತು. ಇನ್ನು ಇಳಿಸುವ.”

ಸದಸ್ಯರೆಲ್ಲ ನನ್ನ ಕಡೆ ತಿರುಗಿದರು. ನಾನು ನಿಯಮಾವಳಿಯನ್ನು ಎರಡು ಸಲ ಓದಿದೆ. ‘ಯಾವುದೇ ಸಂಖ್ಯೆ’ ಎಂದು ನನ್ನದೇ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಗುಂಡಿಯ ಸಂಖ್ಯೆ ಸಂಖ್ಯೆಯಲ್ಲ ಎಂದು ವಾದಿಸಲು ಎದ್ದ ಜನಾರ್ದನರು ಅದನ್ನು ಮೂರನೆಯ ಸಲ ತಾವೇ ಓದಿ ಕೂತರು. ಕಿನ್ನಿಯ ಬೇಡಿಕೆಯು ಕ್ರಮಬದ್ಧವಾಗಿದೆಯೆಂದು ಸಂಘ ಅಂಗೀಕರಿಸಿತು. ಅಧ್ಯಕ್ಷರಾದ ಶೆಟ್ಟರೇ ಸಂಘದ ಪರವಾಗಿ ಕೂರುವುದೆಂದಾಯಿತು. ಶೆಟ್ಟರು ಖುಷಿಯಿಂದ ಬೈರಾಸು ಕೊಡವಿದರು.

ತೊಂದರೆ ತಿಳಿದದ್ದು ಆಗ. ಬೈರಾಸಿನ ಅಡಿಯಲ್ಲಿ ಕೈ ಹಿಡಿಯಬೇಕು. ಹತ್ತೂರಿನ ಗಂಡಸರ ಎದುರು, ಅರುವತ್ತಾರು ವರ್ಷದ ಶೆಟ್ಟರು, ಮಂಜನ ಹೆಂಡತಿಯ ಕೈ ಹಿಡಿಯುವುದು ಹೇಗೆ? ಈ ವಿಷಯದ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ದೊರೆಯ ಚರ್ಮದ ಕೈಗವಸನ್ನು ಶೆಟ್ಟರು ತೊಡಬಹುದೆಂದು ಒಂದು ಸಲಹೆ ಬಂತು. ತೊಟ್ಟು ನೋಡಿದಾಗ ಕೂಸಪ್ಪನ ಒಂದು ಬೆರಳು ಯಾವುದು, ಮೂರು ಬೆರಳು ಯಾವುದು ಎಂದೇ ಶೆಟ್ಟರಿಗೆ ಗೊತ್ತಾಗಲಿಲ್ಲ. ಮಂಜ ಹೆಂಡತಿಯ ಪರವಾಗಿ ಕೂರಲಿ ಎಂದರು. ಎದುರಿನವರು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಬಿಟ್ಟು ಅವನಿಗೆ ಬೇರೆ ಮಾತು ಬರುವುದಿಲ್ಲ, ತನ್ನನ್ನು ಮದುವೆಯಾದದ್ದೂ ಹಾಗೆಯೇ ಎಂದು ಕಿನ್ನಿ ಆಕ್ಷೇಪಿಸಿದಳು. ಮಂಜ ಹೂಂ ಎಂದ. ಕೊನೆಗೆ, ಎದುರಾಳಿ ಸ್ತ್ರೀಯಾಗಿದ್ದಲ್ಲಿ ಚೌಕಾಸಿಯು ಬಾಯಿಮಾತಿನಲ್ಲೇ ನಡೆಯತಕ್ಕದ್ದು ಎಂದು ಹದಿನಾಲ್ಕನೆಯ ನಿಯಮವನ್ನು ಸ್ಥಳದಲ್ಲೇ ಅಂಗೀಕರಿಸಲಾಯಿತು.

ಶೆಟ್ಟರ ಮುಖ ಬಿಳಿಚಿತು. ನಲವತ್ತು ವರ್ಷ ಬೆರಳಿನಲ್ಲಿ ಮಾತಾಡಿದವರು ಈಗ ನಾಲ್ಕು ಜನರ ಎದುರು ಒಂದು ಸಂಖ್ಯೆಯನ್ನು ಉಚ್ಚರಿಸಬೇಕಿತ್ತು. ನೀರು ತರಿಸಿ ಕುಡಿದರು. ಕೊನೆಗೆ ತುಟಿ ಅಲ್ಲಾಡಿತು.

“ಕೇಳಲಿಲ್ಲ, ಧಣಿ” ಎಂದಳು ಕಿನ್ನಿ.

“ಒಂಬತ್ತು” ಎಂದರು ಶೆಟ್ಟರು. ಕೂಸಪ್ಪ ಕಣ್ಣೊರೆಸಿಕೊಂಡ.

“ನಾಲ್ಕು” ಎಂದಳು ಅವಳು.

ಶೆಟ್ಟರಿಗೆ ಮುಂದೇನು ಮಾಡಬೇಕೆಂದೇ ತಿಳಿಯಲಿಲ್ಲ. ಬೈರಾಸಿನ ಅಡಿಯಲ್ಲಾದರೆ ಬೆರಳು ಒತ್ತಬಹುದು, ಸಡಿಲ ಬಿಡಬಹುದು, ಸುಮ್ಮನೆ ಹಿಡಿದುಕೊಂಡು ಎದುರಿನವನನ್ನು ಬೆವರಿಸಬಹುದು. ಇಲ್ಲಿ ಅದೊಂದೂ ಇರಲಿಲ್ಲ. ಕಿನ್ನಿಯೋ, ತನ್ನ ಅಂಗಡಿಯ ಸರಕನ್ನೆಲ್ಲ ಬಿಚ್ಚಿದಳು. ಬುಟ್ಟಿಯಿಂದ ಒಂದು ಮಡಕೆ ತೆಗೆದು ಗೆಣ್ಣಿನಿಂದ ಕುಟ್ಟಿ ಶಬ್ದ ಕೇಳಿಸಿದಳು. ಶೆಟ್ಟರ ತಾಯಿ ಬಾಣಂತಿಯಾಗಿದ್ದಾಗ ನೀರು ಕಾಸಿದ ಹಂಡೆ ತನ್ನ ಅತ್ತೆ ಮಾಡಿದ್ದು, ಆ ನೀರಿನಲ್ಲಿ ಮೊದಲ ಸ್ನಾನ ಮಾಡಿದ ಕೂಸು ಇದೇ ಎಂದು ಅವರನ್ನು ತೋರಿಸಿದಳು. ಎರಡು ವರ್ಷದಲ್ಲಿ ಚೆಂಡು ಬಿದ್ದು ಒಡೆದ ಮಡಕೆಗಳನ್ನು ಒಂದೊಂದಾಗಿ, ಯಾವ ವಾರ, ಯಾರ ಚೆಂಡು ಎಂಬ ವಿವರದೊಂದಿಗೆ ಸ್ಮರಿಸಿದಳು. ಶೆಟ್ಟರು ಎಂಟೂವರೆ ಎಂದರು. ಅರ್ಧ ಗುಂಡಿ ಸಲ್ಲದು ಎಂದು ನಾನು ಹದಿಮೂರನೆಯ ನಿಯಮದ ಆಧಾರದ ಮೇಲೆ ತಡೆದೆ. ಇದು ನಾನು ಈ ಪ್ರಕರಣದಲ್ಲಿ ಅವಳಿಗೆ ಮಾಡಿದ ಒಂದೇ ಉಪಕಾರ. ಶೆಟ್ಟರು ಎಂಟು ಎಂದರು.

ಅಲ್ಲಿಗೆ ಅವಳ ಗುಂಡಿ ಉಳಿಯಿತು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಸುಮ್ಮನೆ ಒಪ್ಪಿಕೊಳ್ಳು ಎಂದು ಕಣ್ಣಿನಲ್ಲೇ ಹೇಳಿದೆ. ಕಿನ್ನಿ ಬುಟ್ಟಿ ಎತ್ತಿ ತಲೆಮೇಲೆ ಇಟ್ಟುಕೊಂಡು, ಆಗಲಿ ಧಣಿ, ಬೇರೆ ಮನೆ ನೋಡುತ್ತೇನೆ ಎಂದು ಹೊರಟಳು. ಆರು ಹೆಜ್ಜೆ ಹೋಗಿರಬಹುದು.

“ಏಳು” ಎಂದು ಶೆಟ್ಟರು ಕೂಗಿದರು.

ಅವಳು ತಿರುಗಿ ಬಂದು ಏಳಕ್ಕೆ ಒಪ್ಪಿದಳು. ಬಿಟ್ಟುಹೋದ ಎಂಟನೆಯ ಗುಂಡಿಯಲ್ಲಿ ಸೌದೆ ಒಟ್ಟುವುದಾಗಿ ತಿಳಿಸಿದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಸೋತ ಶೆಟ್ಟರು ಏನು ಮಾಡುತ್ತಾರೋ ಎಂದು ನಾವು ಹೆದರಿದ್ದೆವು. ಅವರು ಗೇರು ಮರಕ್ಕೆ ಒರಗಿ ಗಟ್ಟಿಯಾಗಿ ನಕ್ಕರು. ನಕ್ಕು ಮುಗಿಸಿ, ಇವಳನ್ನು ಇಷ್ಟು ವರ್ಷ ಎಲ್ಲಿ ಅಡಗಿಸಿಟ್ಟಿದ್ದಿರಿ ಎಂದು ನಮ್ಮೆಲ್ಲರನ್ನೂ ಬೈದರು.

ಆದರೆ ಜನಾರ್ದನರಿಗೆ ನಗಲು ಸಾಧ್ಯವಿರಲಿಲ್ಲ. ಕಡತದಲ್ಲಿ ಒಂಬತ್ತು ಇತ್ತು, ಪದವಿನಲ್ಲಿ ಈಗ ಏಳು. ಅವರು ಎರಡು ದಿನ ಕಚೇರಿಯಲ್ಲಿ ತಲೆ ಕೆಡಿಸಿಕೊಂಡು, ಕಾಲಂನ ಬದಿಯಲ್ಲಿ ಜಾಗ ಹುಡುಕಿ, ‘ಎಂಟು ಮತ್ತು ಒಂಬತ್ತನೇ ಗುಂಡಿಗಳು ಚರ್ಚೆಯಲ್ಲಿವೆ’ ಎಂದು ಬರೆದರು. ತಾಲೂಕು ಕಚೇರಿಯಿಂದ ಉತ್ತರ ಬಂತು. ಚರ್ಚೆಯಲ್ಲಿರುವ ವಿಷಯವನ್ನು ಚರ್ಚೆಯಲ್ಲಿದೆ ಎಂದು ಬರೆಯಲು ಅಡ್ಡಿಯಿಲ್ಲ. ಆದರೆ ಚರ್ಚೆಯು ವಾರಕ್ಕೊಮ್ಮೆಯಾದರೂ ನಡೆಯತಕ್ಕದ್ದು, ತಪ್ಪಿದಲ್ಲಿ ಮೂಲ ಸಂಖ್ಯೆಯಾದ ಒಂಬತ್ತೇ ಊರ್ಜಿತವೆಂದು ಭಾವಿಸಲಾಗುವುದು.

ಕಿನ್ನಿ ಆ ಬುಧವಾರ ಮಡಕೆ ಸುಟ್ಟಳು. ಪತ್ತನಾಜೆಯ ಮೂರನೆಯ ದಿನ ಮಳೆ ಹಿಡಿಯಿತು. ಮುಂದಿನ ಭಾನುವಾರ ಅವಳ ಗುಂಡಿ ಮತ್ತೆ ಒಂಬತ್ತನೇ ಗುಂಡಿಯಾಯಿತು. ಶೆಟ್ಟರು ಕೊಡೆ ಹಿಡಿದು ಅವಳ ಜಗಲಿಗೇ ಬಂದು ಕೂತು, ಒಂಬತ್ತು ಎಂದರು. ಮಧ್ಯಾಹ್ನದ ಹೊತ್ತಿಗೆ ಅದು ಏಳಕ್ಕೆ ಇಳಿದು ಗುಂಡಿ ಅವಳಿಗೆ ವಾಪಸಾಯಿತು. ಅಲ್ಲಿಂದೀಚೆಗೆ ಪ್ರತಿ ಭಾನುವಾರ ಬೆಳಗ್ಗೆ ಅವಳ ಗುಂಡಿ ಸಂಘದ್ದಾಗುತ್ತದೆ, ಊಟದ ಹೊತ್ತಿಗೆ ಅವಳದ್ದಾಗುತ್ತದೆ. ಒಮ್ಮೆ ಅವಳಿಗೆ ಜ್ವರ ಬಂದಾಗ ಚಾಪೆಯಲ್ಲಿ ಮಲಗಿಕೊಂಡೇ ಎಂಟಕ್ಕೆ ಇಳಿಸಿ, ಇವತ್ತು ಇಷ್ಟು ಸಾಕು, ಸೌದೆ ನೆನೆದರೆ ನೆನೆಯಲಿ ಎಂದಳು. ಗುಂಡಿಯನ್ನು ಶಾಶ್ವತವಾಗಿ ಬರೆದುಕೊಡಿ ಎಂದು ಅವಳು ಒಮ್ಮೆ ಕೇಳಿದ್ದುಂಟು. ಹಾಗೆ ಬರೆದುಕೊಟ್ಟರೆ ಚರ್ಚೆ ನಿಲ್ಲುತ್ತದೆ, ಚರ್ಚೆ ನಿಂತರೆ ಗುಂಡಿ ಹೋಗುತ್ತದೆ ಎಂದು ಜನಾರ್ದನರು ತಿಳಿಸಿಹೇಳಿದರು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಿಸಲಿಲ್ಲ. ಆಟ ನೋಡಲು ಬರುವವರಿಗಾಗಿ ಅಂಗಳಕ್ಕೆ ಚಪ್ಪರ ಹಾಕಿದಾಗ ಏಳು ಕೋಲುಗಳೂ ಹಗ್ಗ ಕಟ್ಟುವ ಗೂಟಗಳಾಗಿ ಉಪಯೋಗಕ್ಕೆ ಬಂದವು. ಚೆಂಡುಗಳು ಎಲ್ಲಿ ಹೋದವೆಂದು ಯಾರೂ ಕೇಳಲಿಲ್ಲ.

ಹೀಗೆ ಐದು ವರ್ಷ ಗಾಲ್ಫ್ ನಿರಾತಂಕವಾಗಿ ನಡೆಯಿತು. ೧೯೫೬ರ ನವೆಂಬರಿನಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ನಾವು ಇದ್ದಲ್ಲೇ ಇದ್ದೆವು, ಕಡತಗಳು ಪ್ರಯಾಣ ಮಾಡಿದವು. ಹಳೆಯ ರಾಜ್ಯದಿಂದ ಬಂದ ಬಾಕಿ ವಿಷಯಗಳನ್ನೆಲ್ಲ ಮುಂದಿನ ಮಾರ್ಚಿನೊಳಗೆ ಮುಕ್ತಾಯ ಮಾಡತಕ್ಕದ್ದೆಂದು ಆಜ್ಞೆಯಾಯಿತು. ಚರ್ಚೆಯಲ್ಲಿರುವ ಗುಂಡಿಗಳನ್ನು ಮುಕ್ತಾಯ ಮಾಡಲು ತೆಂಕಣದಿಂದ ಹೊಸ ಅಧಿಕಾರಿಯೊಬ್ಬರು ಬರುತ್ತಾರೆಂದು ಕಾಗದ ಬಂತು. ಮುಕ್ತಾಯ ಎಂದರೆ ಮೂಲ ಸಂಖ್ಯೆ. ಮೂಲ ಸಂಖ್ಯೆ ಎಂದರೆ ಕಿನ್ನಿಯ ಅಂಗಳ ಹೋದಂತೆಯೇ. ಕಾಗದ ಓದಿ ಹೇಳಿದಾಗ ಅವಳು ಎದ್ದು ಹೋಗಿ ಅಂಗಳದ ಹಸಿ ಮಡಕೆಗಳನ್ನು ಎಣಿಸಿದಳು. ಶೆಟ್ಟರು ಆ ವಾರ ಮತ್ತೆ ಊಟ ಬಿಟ್ಟರು. ಅವರಿಗೆ ಆಗ ಎಪ್ಪತ್ತೆರಡು, ಇನ್ನೊಂದು ಆಟ ಕಲಿಯುವ ವಯಸ್ಸಲ್ಲ.

ಅಧಿಕಾರಿಗಳು ಒಂದು ಭಾನುವಾರ ಬೆಳಗ್ಗೆಯೇ ಬಂದರು. ಇಸ್ತ್ರಿ ಹಾಕಿದ ಮುಂಡು, ಕಂಕುಳಲ್ಲಿ ಕಡತ, ಜೊತೆಗೆ ಮೊಹರಿನ ಪೆಟ್ಟಿಗೆ ಹಿಡಿದ ಜವಾನ. ಕೂರಲು ಹೇಳಿದೆವು, ಅವರು ಕೂರಲಿಲ್ಲ. ಹನ್ನೊಂದು ಗಂಟೆಯ ಬಸ್ಸಿಗೆ ಹಿಂತಿರುಗಬೇಕು, ಒಂದು ಸಹಿ ಮತ್ತು ಒಂದು ಮೊಹರಿನ ಕೆಲಸ ಅಷ್ಟೇ ಎಂದರು. ಕಿನ್ನಿ ಮಡಕೆಯೊಂದನ್ನು ಮಡಿಲಲ್ಲಿಟ್ಟುಕೊಂಡು ತಳ ತಟ್ಟುತ್ತಿದ್ದಳು. ಶೆಟ್ಟರು ಜಗಲಿಯ ಮೂಲೆಯಲ್ಲಿ ಬೈರಾಸು ಮುಖಕ್ಕೆ ಒತ್ತಿಕೊಂಡಿದ್ದರು. ಅಧಿಕಾರಿಗಳು ಕಡತ ತೆರೆದು, ಒಟ್ಟು ಗುಂಡಿಗಳು ಎಂದು ಮಲಯಾಳದಲ್ಲಿ ಓದಿ, ಲೇಖನಿಯ ಮುಚ್ಚಳ ತೆಗೆದರು.

“ಒಂಬತ್ತು” ಎಂದರು.

ಕಿನ್ನಿ ತಲೆ ಎತ್ತಲಿಲ್ಲ.

“ನಾಲ್ಕು.”

ಅಧಿಕಾರಿಗಳ ಲೇಖನಿ ಕಾಗದದ ಮೇಲೆ ಅರ್ಧದಲ್ಲೇ ನಿಂತಿತು. ಅವರು ಸರಕಾರದ ಕೆಲಸಕ್ಕೆ ಸೇರುವ ಮೊದಲು ಇಪ್ಪತ್ತು ವರ್ಷ ತಾಯಿಯ ಜೊತೆ ಮೀನು ಮಾರುಕಟ್ಟೆಗೆ ಹೋದವರೆಂದು ನಮಗೆ ಆಮೇಲೆ ತಿಳಿಯಿತು. ಕಡತವನ್ನು ನೋಡಿದರು. ಅವಳನ್ನು ನೋಡಿದರು. ಅವಳು ತಟ್ಟುತ್ತಲೇ ಇದ್ದಳು.

“ಎಂಟು” ಎಂದರು ಅಧಿಕಾರಿಗಳು. ಹೇಳಿದ ಮೇಲೆ ಜವಾನನಿಗೆ ಮೊಹರಿನ ಪೆಟ್ಟಿಗೆ ಕೆಳಗಿಡಲು ಹೇಳಿದರು. ಶೆಟ್ಟರು ಮುಖದಿಂದ ಬೈರಾಸು ತೆಗೆದು, ಜಗಲಿಯ ಮೇಲೆ ಅವರಿಗೆ ಜಾಗ ಬಿಟ್ಟುಕೊಟ್ಟರು. ಅಧಿಕಾರಿಗಳು ಮುಂಡು ಸರಿಮಾಡಿಕೊಂಡು ಕೂತರು. ಹನ್ನೊಂದು ಗಂಟೆಯ ಬಸ್ಸು ಹೋಯಿತು.